ಒಲೆಯ ಮೇಲೆ ತೂಗುತ್ತಿದ್ದ ರಾಗಿ

ಕಬ್ಬಾಳು

ಆಫ್ರಿಕಾಕ್ಕೆ ಹೋಗಿ ಒಂದೂ ಸಿಂಹ ನೋಡದೆ ವಾಪಸು ಬಂದವರು ಕನಕಪುರ ತಾಲ್ಲೂಕಿನಲ್ಲಿ ನಾವಿಬ್ಬರೇ ಇರಬೇಕು. ಬೀದಿಯ ಮಕ್ಕಳು ಈಗಲೂ ಕೇಳುತ್ತಾರೆ, "ಮಿಸ್, ಸಿಂಹ ಇತ್ತಾ? ಜಿರಾಫೆ ಇತ್ತಾ?" ಎಂದು. ಇದ್ದವಂತೆ, ನಮ್ಮ ಕಣ್ಣಿಗೆ ಬೀಳಲಿಲ್ಲ ಎನ್ನುತ್ತೇನೆ. ನಾವು ಹೋದದ್ದು ರಾಗಿ ನೋಡಲು ಎಂದರೆ ಅವರಿಗೆ ನನ್ನ ಮೇಲೆ ಕನಿಕರ ಬರುತ್ತದೆ. ರಾಗಿ ನೋಡುವುದಕ್ಕೆ ವಿಮಾನ ಯಾಕೆ, ಕಬ್ಬಾಳಮ್ಮನ ಗುಡಿಯ ಹಿಂದಕ್ಕೆ ಹೋದರೆ ಸಾಲದೆ?

ನಾನು ಕನಕಪುರದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ನನ್ನ ಜೊತೆ ಬಂದದ್ದು, ಸರಿಯಾಗಿ ಹೇಳಬೇಕೆಂದರೆ ನನ್ನನ್ನು ಜೊತೆಗೆ ಎಳೆದುಕೊಂಡು ಹೋದದ್ದು, ನಮ್ಮ ಬೀದಿಯ ಚಿಕ್ಕತಾಯಕ್ಕ. ಆಕೆ ಮಹಿಳಾ ಸಂಘದ ಅಧ್ಯಕ್ಷೆ. ಸಂಘದವರು ಹುರಿಹಿಟ್ಟು, ರಾಗಿ ಸಂಡಿಗೆ ಮಾಡಿ ಮಾರುತ್ತಾರೆ. ರಾಗಿ ಬೆಳೆಯುವ ಹೆಂಗಸರನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕರೆದೊಯ್ದು ಪರಿಚಯ ಮಾಡಿಸುವ ಸಂಸ್ಥೆಯೊಂದು ಚಿಕ್ಕತಾಯಕ್ಕನನ್ನು ಕೀನ್ಯಾಕ್ಕೆ ಕರೆಯಿತು. ಆಕೆ ನೇರವಾಗಿ ನಮ್ಮ ಜಗುಲಿಗೆ ಬಂದು ಕೂತಳು.

"ನಾನೊಬ್ಳೇ ಹೋಗಾಕಿಲ್ಲ ಕಣ್ ಟೀಚರಮ್ಮ. ಅಲ್ಲಿ ನನ್ ಮಾತು ಯಾರ್ಗೆ ತಿಳೀತದೆ? ನನ್ ಬಾಯಾಗಿ ನೀವು ಬನ್ನಿ."

ವಯಸ್ಸಿನಲ್ಲಿ ದೊಡ್ಡವಳಾದರೂ ಆಕೆ ನನಗೆ ನೀವು ಅನ್ನುತ್ತಾಳೆ, ನಾನು ಅಕ್ಕಾ ಎಂದು ಕರೆದು ನೀನು ಅನ್ನುತ್ತೇನೆ. ಟೀಚರಾದದ್ದರ ಲಾಭ ಇಷ್ಟೇ. ಬಾಯಾಗಿ ಹೋಗುವುದಕ್ಕೆ ಒಪ್ಪಿದೆ. ಬಾಯಿಗೆ ಇಷ್ಟು ಕೆಲಸ ಬೀಳುತ್ತದೆಂದು, ಕಡೆಗೆ ಹೇಳಲಾಗದ್ದನ್ನೂ ಅದೇ ಬಾಯಿ ಹೇಳಬೇಕಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಸಂಕ್ರಾಂತಿಯ ಎಳ್ಳುಬೆಲ್ಲದ ಡಬ್ಬ ಇನ್ನೂ ಖಾಲಿಯಾಗಿರಲಿಲ್ಲ, ಹೊರಟೆವು. ಚಿಕ್ಕತಾಯಕ್ಕನ ಚೀಲದಲ್ಲಿ ಸೀರೆಗಿಂತ ಹೆಚ್ಚಾಗಿ ರಾಗಿ ಹಿಟ್ಟಿತ್ತು. ಸಾರಿನ ಪುಡಿ, ಮುದ್ದೆ ಕೋಲು, ಅಲ್ಲಿನವರಿಗೆ ಉಡುಗೊರೆಯಾಗಿ ಕೊಡಲು ಆರಿಸಿದ ರಾಗಿ ತೆನೆಗಳ ಒಂದು ಕಟ್ಟು. ನಾನು ಚನ್ನಪಟ್ಟಣದ ಬೊಂಬೆಗಳನ್ನು ತೆಗೆದುಕೊಂಡೆ. ಆಫ್ರಿಕಾದವರಿಗೆ ರಾಗಿ ಕೊಡುವುದು ಕೊಳ್ಳೇಗಾಲದವರಿಗೆ ರೇಷ್ಮೆ ಸೀರೆ ಕೊಟ್ಟಂತೆ ಎಂದು ನಾನು ರೇಗಿಸಿದೆ. ರಾಗಿ ಮೊದಲು ಹುಟ್ಟಿದ್ದೇ ಆ ಕಡೆಯ ಎತ್ತರದ ನೆಲದಲ್ಲಿ, ಸಾವಿರಾರು ವರ್ಷದ ಹಿಂದೆ ಯಾರ್ಯಾರದೋ ಮೂಟೆಯಲ್ಲಿ ಸಮುದ್ರ ದಾಟಿ ನಮ್ಮಲ್ಲಿಗೆ ಬಂದದ್ದು ಎಂದು ಪಾಠ ಶುರುಮಾಡಿದೆ. ಹಾರೋಹಳ್ಳಿ ಬರುವಷ್ಟರಲ್ಲಿ ಆಕೆ ನಿದ್ದೆ ಹೋಗಿದ್ದಳು.

ನೈರೋಬಿ

ನೈರೋಬಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಚಿಕ್ಕತಾಯಕ್ಕನ ಚೀಲ ಬಿಚ್ಚಿಸಿದ. ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, ತೆನೆಗಳ ಕಟ್ಟನ್ನು ಎತ್ತಿ, ಇವೆರಡೂ ಒಳಗೆ ಬರುವಂತಿಲ್ಲ ಎಂದ. ಬೇರೆ ದೇಶದ ಕಾಳಿನ ಜೊತೆ ರೋಗವೂ ಹುಳುವೂ ಬರುತ್ತವೆ ಎಂದು ಮೆತ್ತಗೆ ವಿವರಿಸಿದ. ಮುದ್ದೆ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ.

"ಹಿಟ್ಟು ಕಿತ್ಕಂಡು ಕೋಲು ಕೊಟ್ರೆ ನಾನೇನ್ ಮಾಡ್ಲಿ? ಇವನ್ ತಲೆ ಮ್ಯಾಲೆ ತಿರುವ್ಲಾ?" ಎಂದಳು ಅಕ್ಕ.

ಏನು ಹೇಳುತ್ತಿದ್ದಾರೆ ಎಂದು ಅವನು ನನ್ನನ್ನು ಕೇಳಿದ. ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದೆ. ಅವನು ಎದೆಗೆ ಕೈಯಿಟ್ಟು ಆಕೆಗೆ ನಮಸ್ಕಾರ ಮಾಡಿದ. ಇಷ್ಟು ಮರ್ಯಾದಸ್ಥನನ್ನು ಬೈದೆನಲ್ಲ ಎಂದು ಆಕೆ ನೊಂದುಕೊಂಡಳು, ಆದರೆ ಹಿಟ್ಟನ್ನು ಮಾತ್ರ ಮರೆಯಲಿಲ್ಲ.

ಅವನು ಮಾಡಿದ್ದು ಸರಿಯೇ. ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೂ ಆಮೇಲೆ ನಡೆದದ್ದನ್ನೆಲ್ಲ ನೆನೆದಾಗ ಮನಸ್ಸು ಆ ಮೇಜಿನ ಹತ್ತಿರವೇ ಹೋಗಿ ನಿಲ್ಲುತ್ತದೆ. ಆ ಹಿಟ್ಟಿನ ಚೀಲ ಒಂದು ನಮ್ಮ ಜೊತೆ ಬಂದಿದ್ದರೆ ಚಿಕ್ಕತಾಯಕ್ಕನಿಗೆ ಯಾರ ಮನೆಯ ರಾಗಿಯೂ ಬೇಕಾಗುತ್ತಿರಲಿಲ್ಲ.

ಕಿಸುಮು ದಾಟಿದ ಮೇಲೆ

ಪಶ್ಚಿಮಕ್ಕೆ ವ್ಯಾನಿನಲ್ಲಿ ಹೋದೆವು. ಚಹಾ ತೋಟಗಳು ಬಂದವು, ಹೋದವು. ಕಿಸುಮು ಪಟ್ಟಣ ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆಯ ಎರಡೂ ಕಡೆ ದೊಡ್ಡ ದೊಡ್ಡ ಬಂಡೆಗಳು, ಒಂದರ ಮೇಲೊಂದು ಕೂತುಕೊಂಡು. ಚಿಕ್ಕತಾಯಕ್ಕ ಕಣ್ಣುಜ್ಜಿಕೊಂಡು ಎದ್ದಳು.

"ಏನ್ ಟೀಚರಮ್ಮ, ರಾಮನಗರ ಬಂದ್ಬುಡ್ತಾ?"

ನನಗೂ ಹಾಗೇ ಅನ್ನಿಸಿತ್ತು. ಕೆಂಪು ಮಣ್ಣು, ಬಂಡೆ, ಬಂಡೆಯ ಸಂದಿನಲ್ಲಿ ಕತ್ತಾಳೆ. ಮೇಕೆಗಳು ಕೂಡ ನಮ್ಮ ಮೇಕೆಗಳಂತೆಯೇ ರಸ್ತೆ ತಮ್ಮಪ್ಪನದು ಎನ್ನುವ ಹಾಗೆ ನಿಂತಿದ್ದವು.

ದಾರಿಯ ಹೋಟೆಲಿನಲ್ಲಿ ಚಪಾತಿ ಕೊಟ್ಟರು, ಹಾಲು ಹಾಕಿ ಕುದಿಸಿದ ಚಾಯ್ ಕೊಟ್ಟರು. ನಮ್ಮ ದೇಶದ ತಿಂಡಿ ಎಂದು ನಾನು ಖುಷಿಯಾಗಿ ಹೇಳಿದೆ. ಬಡಿಸುತ್ತಿದ್ದ ಹೆಂಗಸು ಹುಬ್ಬೇರಿಸಿದಳು. "ಚಪಾತಿ ನಮ್ಮದು. ಕ್ರಿಸ್ಮಸ್ಸಿಗೆ ಎಲ್ಲರ ಮನೆಯಲ್ಲೂ ಮಾಡುತ್ತೇವೆ" ಎಂದಳು. ತಿಂದು ನೋಡಿದರೆ ಅವಳ ಮಾತೇ ಸರಿ. ರೈಲು ಹಾಕಲು ಬಂದ ಕಾಲದಲ್ಲಿ ನಮ್ಮ ಕಡೆಯವರು ತಂದ ಚಪಾತಿಯನ್ನು ಇವರು ಎಣ್ಣೆ ಹಚ್ಚಿ, ಹಾವಿನಂತೆ ಸುತ್ತಿ, ಮತ್ತೆ ಲಟ್ಟಿಸಿ, ಪದರ ಪದರವಾಗಿ ಬೇರೆಯದೇ ಮಾಡಿಬಿಟ್ಟಿದ್ದರು. ಮೊದಲ ಬಾರಿ ಹಾಗೆ ಸುತ್ತಿದವಳು ಯಾರೋ. ಹಿಟ್ಟು ಅಂಟಿಕೊಂಡಿತೆಂದು ಸುತ್ತಿದಳೋ, ಸುಮ್ಮನೆ ಕೈಗೆ ಬಂದಂತೆ ಮಾಡಿದಳೋ. ಚೆನ್ನಾಗಿದೆ ಎಂದು ಪಕ್ಕದ ಮನೆಯವಳಿಗೆ ತೋರಿಸಿದ್ದಕ್ಕೆ ಅದು ಉಳಿದುಕೊಂಡಿತು.

ಹೈಸ್ಕೂಲಿನಲ್ಲಿ ಹೊಸ ಜೀವಿಗಳು ಹೇಗೆ ಹುಟ್ಟುತ್ತವೆ ಎಂಬ ಪಾಠವನ್ನು ಬೋರ್ಡಿನ ತುಂಬ ಬಾಣದ ಗುರುತು ಹಾಕಿ ಹೇಳಿಕೊಡುತ್ತಿದ್ದೆ. ಇದರಿಂದ ಇದು, ಇದರಿಂದ ಅದು. ಬಾಣ ಎಲ್ಲೂ ಮುರಿಯುತ್ತಿರಲಿಲ್ಲ. ಮಕ್ಕಳು ಬರೆದುಕೊಂಡು ಪಾಸಾಗುತ್ತಿದ್ದರು.

ನೆಕೆಸಾಳ ಅಂಗಳ

ನಾವು ಉಳಿದುಕೊಂಡದ್ದು ಬುಂಗೋಮಾ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ, ನೆಕೆಸಾ ಎಂಬ ಹೆಣ್ಣುಮಗಳ ಮನೆಯಲ್ಲಿ. ಮೂವತ್ತೈದರ ಆಸುಪಾಸು. ಹೈಸ್ಕೂಲು ಓದಿದ್ದಳು, ಇಂಗ್ಲಿಷು ನನಗಿಂತ ಸಲೀಸು. ಗಂಡ ದೂರದ ಪಟ್ಟಣದಲ್ಲಿ ಲಾರಿ ಓಡಿಸುತ್ತಿದ್ದ. ಮನೆಯಲ್ಲಿದ್ದವರು ಅವಳು, ಮಕ್ಕಳು, ಅವಳ ಅತ್ತೆ. ಅಜ್ಜಿಗೆ ಅಲ್ಲಿ ಕುಕು ಎನ್ನುತ್ತಾರೆ. ಮಕ್ಕಳ ಜೊತೆ ನಾವೂ ಆಕೆಯನ್ನು ಕುಕು ಎಂದೇ ಕರೆದೆವು.

ಅವರ ನಮಸ್ಕಾರ ಬಲು ಉದ್ದ. ಕೈ ಹಿಡಿದುಕೊಂಡು ಮನೆ, ಮಕ್ಕಳು, ದನ, ಮಳೆ ಎಲ್ಲ ವಿಚಾರಿಸಿದ ಮೇಲೇ ಬಿಡುವುದು. ನಮ್ಮಲ್ಲಿ "ಊಟ ಆಯ್ತಾ" ಎಂದು ಕೇಳಿ ಉತ್ತರಕ್ಕೂ ಕಾಯದೆ ಮುಂದೆ ಹೋಗುತ್ತೇವೆ. ಚಿಕ್ಕತಾಯಕ್ಕ ಮತ್ತು ಕುಕು ಒಬ್ಬರ ಕೈ ಒಬ್ಬರು ಹಿಡಿದು ತಮ್ಮ ತಮ್ಮ ಭಾಷೆಯಲ್ಲಿ ಎಷ್ಟೋ ಹೊತ್ತು ಮಾತಾಡಿದರು. ನಾನು ಬಾಯಾಗಲು ಹೋದರೆ ಇಬ್ಬರಿಗೂ ನಾನು ಬೇಕಾಗಿರಲಿಲ್ಲ.

ನಾನು ತಂದಿದ್ದ ಬೊಂಬೆಗಳಲ್ಲಿ ಒಂದು, ಕಡ್ಡಿಗೆ ದೊಡ್ಡದರಿಂದ ಚಿಕ್ಕದಕ್ಕೆ ಬಣ್ಣದ ಬಳೆಗಳನ್ನು ಪೋಣಿಸುವ ಆಟಿಕೆ. ಮಕ್ಕಳು ಚಿಕ್ಕ ಬಳೆಗಳನ್ನು ಕೈಗೆ ಹಾಕಿಕೊಂಡು ಓಡಿದರು. ಎಲ್ಲಕ್ಕಿಂತ ದೊಡ್ಡದನ್ನು ಕುಕು ತಿರುಗಿಸಿ ನೋಡಿ, ಒಳಗೆ ಹೋಗಿ, ಗುಂಡುತಳದ ಸೋರೆಬುರುಡೆಯ ಕೆಳಗೆ ಇಟ್ಟಳು. ಉರುಳುತ್ತಿದ್ದ ಬುರುಡೆ ಕದಲದೆ ನಿಂತಿತು. ಚನ್ನಪಟ್ಟಣದಲ್ಲಿ ಅದನ್ನು ಕಡೆದವನಿಗೆ ತಾನು ಸಿಂಬಿ ಮಾಡುತ್ತಿದ್ದೇನೆಂದು ಗೊತ್ತಿರಲಿಕ್ಕಿಲ್ಲ.

ಬಂದ ದಿನ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ ಮಾಡಿದ್ದರು, ಜೊತೆಗೆ ಸೊಪ್ಪು. ಮೆಕ್ಕೆಜೋಳವನ್ನು ನಾವು ಕೋಳಿಗೆ ಹಾಕುತ್ತೇವೆ ಎಂಬ ಮಾತನ್ನು ನಾನು ನುಂಗಿಕೊಂಡೆ. ಚಿಕ್ಕತಾಯಕ್ಕ ಮುರಿದು ಮುರಿದು ತಿಂದಳು, ಹೊಟ್ಟೆ ತುಂಬಿದಂತೆ ಕಾಣಲಿಲ್ಲ. ಕುಕು ಅದನ್ನೇ ನೋಡುತ್ತಿದ್ದಳು. ಯಾಕೆ ಉಣ್ಣುತ್ತಿಲ್ಲ ಎಂದು ನೆಕೆಸಾಳ ಮೂಲಕ ನನ್ನನ್ನು ಕೇಳಿಸಿದಳು. ವಿಮಾನ ನಿಲ್ದಾಣದಲ್ಲಿ ಹಿಟ್ಟು ಹೋದದ್ದನ್ನು ಹೇಳಿದೆ. ರಾಗಿ ಇಲ್ಲದೆ ಇವಳಿಗೆ ಊಟ ಮಾಡಿದಂತೆಯೇ ಆಗುವುದಿಲ್ಲ ಎಂದು ನಗುನಗುತ್ತಲೇ ಸೇರಿಸಿದೆ. ಕುಕು ನಗಲಿಲ್ಲ. ಮನೆಗೆ ಬಂದವಳು ಅರೆಹೊಟ್ಟೆಯಲ್ಲಿದ್ದಾಳೆ ಎಂಬುದಷ್ಟೇ ಆಕೆಗೆ ತಲುಪಿತ್ತು.

ಹೊಲ

ಮಾರನೆಯ ದಿನ ಬೆಳಿಗ್ಗೆ ನೆಕೆಸಾ ತನ್ನ ಹೊಲ ತೋರಿಸಲು ಕರೆದಳು. ಚಿಕ್ಕತಾಯಕ್ಕನಿಗೆ ಮೊಣಕಾಲು ನೋವು, ಕುಕು ಜೊತೆ ಮನೆಯಲ್ಲೇ ಇರುತ್ತೇನೆಂದಳು. ನಾವಿಬ್ಬರೇ ಹೋದೆವು.

ಹೊಲ ಒಣಗಿ ನಿಂತಿತ್ತು, ಬಿತ್ತನೆಗೆ ಇನ್ನೂ ಒಂದು ತಿಂಗಳು. ಅಲ್ಲಿ ರಾಗಿಯನ್ನು ನಮ್ಮ ಹಾಗೆ ಬುಡಸಮೇತ ಕೊಯ್ದು ಮೆದೆ ಹಾಕುವುದಿಲ್ಲ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಚಾಕು ಹಿಡಿದು ಒಂದೊಂದೇ ತೆನೆ ಕತ್ತರಿಸುತ್ತಾರೆ. ಹುಲ್ಲು ಹೊಲದಲ್ಲೇ ನಿಂತಿರುತ್ತದೆ. ಇಷ್ಟು ನಿಧಾನವಾದರೆ ಕೊಯ್ಲು ಮುಗಿಯುವುದು ಯಾವಾಗ ಎಂದೆ. "ಮುಗಿಯುತ್ತದೆ. ಒಂದೊಂದು ತೆನೆಯ ಮುಖವನ್ನೂ ನೋಡಿದಂತೆ ಆಗುತ್ತದೆ" ಎಂದಳು.

ಹಾಗೆ ಮುಖ ನೋಡುತ್ತ ಹೋದಾಗಲೇ ಅವಳಿಗೆ ಅದು ಸಿಕ್ಕಿದ್ದು. ಅವರ ಕಡೆ ರಾಗಿಗೆ ಒಂದು ರೋಗ, ನಮ್ಮಲ್ಲೂ ಇದೆ. ತೆನೆಯ ಕತ್ತು ಕಪ್ಪಾಗಿ ಕಾಳು ಕಟ್ಟುವ ಮುಂಚೆಯೇ ಒಣಗಿಹೋಗುತ್ತದೆ. ಅದರ ಕಾಟಕ್ಕೆ ಊರಿನ ಹೆಂಗಸರೆಲ್ಲ ರಾಗಿ ಬಿಟ್ಟು ಮೆಕ್ಕೆಜೋಳಕ್ಕೆ ಹೋಗಿದ್ದರು. ಜೋಳಕ್ಕೆ ವರ್ಷ ವರ್ಷ ಅಂಗಡಿಯಿಂದ ಬೀಜ ತರಬೇಕು, ಗೊಬ್ಬರ ತರಬೇಕು. ನೆಕೆಸಾ ಹಟಕ್ಕೆ ಬಿದ್ದು ಒಂದು ಮೂಲೆಯಲ್ಲಿ ರಾಗಿ ಹಾಕುತ್ತಲೇ ಇದ್ದಳು. ಒಂದು ವರ್ಷ ರೋಗ ಹೊಲವನ್ನೆಲ್ಲ ತಿಂದಿತು. ಬದುವಿನ ಪಕ್ಕದಲ್ಲಿ ಒಂದೇ ಒಂದು ಗಿಡ, ಬಿಗಿಮುಷ್ಟಿಯಂಥ ತೆನೆ ಹೊತ್ತು ನಿಂತಿತ್ತು. ಕತ್ತು ಹಸಿರಾಗಿಯೇ ಇತ್ತು.

ಬದುವಿನ ಮೇಲೆ ಅವಳು ನನಗೆ ಕಾಡು ರಾಗಿ ತೋರಿಸಿದಳು. ನೋಡಲು ರಾಗಿಯ ಹಾಗೇ, ತೆನೆ ಮಾತ್ರ ಬಡಕಲು, ಕಾಳು ಹಣ್ಣಾದೊಡನೆ ಉದುರಿಹೋಗುತ್ತದೆ. ಯಾರೂ ತಿನ್ನುವುದಿಲ್ಲ, ಕಳೆಯೆಂದು ಕಿತ್ತು ಎಸೆಯುತ್ತಾರೆ. ರಾಗಿ ಬಹುಪಾಲು ತನ್ನೊಳಗೆ ತಾನೇ ಕಾಳು ಕಟ್ಟುವ ಬೆಳೆ. ಯಾವಾಗಲೋ ಒಮ್ಮೆ ಬದುವಿನ ಕಾಡು ರಾಗಿಯ ಹೂವಿನ ಧೂಳು ಗಾಳಿಯಲ್ಲಿ ಬಂದು ಹೊಲದ ರಾಗಿಗೆ ತಾಗಿದರೆ ಎರಡರ ಗುಣವೂ ಇರುವ ಮೂರನೆಯದು ಹುಟ್ಟುತ್ತದೆ. ಹಾಗೆ ಹುಟ್ಟಿದ್ದಿರಬಹುದು ಎಂದು ನಾನು ಅಂದೆ. ಪುಸ್ತಕದಲ್ಲಿ ಓದಿ ಮೂವತ್ತು ವರ್ಷ ಹೇಳಿಕೊಟ್ಟದ್ದು ಈ ಬದುವಿನ ಮೇಲೆ ನಿಜವಾಗಿ ನಡೆದಿತ್ತು ಎಂದು ನನಗೆ ಮೈ ಜುಮ್ಮೆಂದಿತು.

ನೆಕೆಸಾ ಆ ಗಿಡಕ್ಕೆ ತನ್ನ ತಲೆಬಟ್ಟೆಯ ಚೂರು ಕಟ್ಟಿ ಕಾಯ್ದಳು. ಅದರ ಕಾಳನ್ನು ಮುಂದಿನ ಮಳೆಗೆ ಬೇರೆಯಾಗಿ ಬಿತ್ತಿದಳು. ಬಂದದ್ದರಲ್ಲಿ ರೋಗ ಬಿದ್ದವನ್ನು, ಕಾಳು ಉದುರಿಸುವವನ್ನು ತೆಗೆದುಹಾಕಿ ಒಳ್ಳೆಯದನ್ನಷ್ಟೇ ಇಟ್ಟುಕೊಂಡು ಮತ್ತೆ ಬಿತ್ತಿದಳು. ಹೀಗೆ ಬೆಳೆ ಮೇಲೆ ಬೆಳೆ. ಈಗ ಒಂದು ಗಡಿಗೆಯಷ್ಟಾಗಿದೆ, ಈ ಮಳೆಗೆ ಹೊಲವಿಡೀ ಬಿತ್ತಿ ಊರಿನ ಹೆಂಗಸರಿಗೆಲ್ಲ ಹಂಚುತ್ತೇನೆ, ಅವರೂ ಅಂಗಡಿಯ ದಾರಿ ಬಿಟ್ಟು ರಾಗಿಗೆ ವಾಪಸು ಬರಲಿ ಎಂದಳು. ಹೇಳುವಾಗ ಅವಳು ಹೊಲವನ್ನು ನೋಡುತ್ತಿದ್ದ ರೀತಿ ನೆನಪಿದೆ, ಅಲ್ಲಿ ಆಗಲೇ ಬೆಳೆ ನಿಂತಿರುವಂತೆ.

"ಹೆಸರು ಇಟ್ಟಿದ್ದೀಯಾ?" ಎಂದು ಕೇಳಿದೆ.

"ಇನ್ನೂ ಇಲ್ಲ. ಎಲ್ಲರಿಗೂ ಕೊಟ್ಟ ಮೇಲೆ ಅವರೇ ಇಡಲಿ."

"ರುಚಿ?"

ಅವಳು ನಕ್ಕಳು. "ಒಂದು ಕಾಳೂ ಬಾಯಿಗೆ ಹಾಕಿಲ್ಲ. ಮಕ್ಕಳಿಗೂ ಕೊಟ್ಟಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಯೇ ಇಲ್ಲ, ಹೇಳಿದರೆ ಕೇಳುತ್ತಾರೆ, ಕೇಳಿದರೆ ಕೊಡಬೇಕಾಗುತ್ತದೆ."

ಬದುವಿನ ಮೇಲೆ ಕೂತು ನಾವು ಮಾತಾಡಿದ್ದೇ ಮಾತಾಡಿದ್ದು. ಬಿಸಿಲು ನೆತ್ತಿಗೆ ಬಂದರೂ ನನಗೆ ಏಳಲು ಮನಸ್ಸಿರಲಿಲ್ಲ. ಆ ಪ್ರಶ್ನೆ, ಈ ಪ್ರಶ್ನೆ ಎಂದು ನಾನೇ ಅವಳನ್ನು ಕೂರಿಸಿಕೊಂಡೆ. ಸ್ವಲ್ಪ ಬೇಗ ಎದ್ದಿದ್ದರೆ ಎಂದು ಇವತ್ತಿಗೂ ಹಳಹಳಿಸುತ್ತೇನೆ.

ಅಡುಗೆಮನೆ

ಅಂಗಳಕ್ಕೆ ಬಂದಾಗ ಘಮ್ಮೆನ್ನುವ ವಾಸನೆ. ಬಿಸಿ ಮುದ್ದೆಯ ವಾಸನೆ, ಜೊತೆಗೆ ನಮ್ಮ ಸಾರಿನ ಪುಡಿಯದು. ಹುಲ್ಲು ಹೊದಿಸಿದ ದುಂಡನೆಯ ಅಡುಗೆಮನೆಯ ಮುಂದೆ ನೆರೆಹೊರೆಯ ಹೆಂಗಸರು ತಟ್ಟೆ ಹಿಡಿದು ಕೂತಿದ್ದರು. ನಡುವೆ ಚಿಕ್ಕತಾಯಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಖವೆಲ್ಲ ಬೆವರು, ಕೈಯಲ್ಲಿ ಮುದ್ದೆ ಕೋಲು.

"ಬನ್ನಿ ಟೀಚರಮ್ಮ, ಕೈ ತೊಳ್ಕಳಿ. ನಿಮ್ಗಿಬ್ರಿಗೂ ಅಂತ ಎತ್ತಿಟ್ಟಿವ್ನಿ. ಈ ವಮ್ಮ ಎಂಥಾ ರಾಗಿ ಕೊಟ್ರು ಅಂತೀರಿ. ನೀರಿಗೆ ಹಾಕಿದ್ ತಕ್ಷಣ ಘಮ ಎದ್ಬುಡ್ತು. ಇಂಥಾ ಹಿಟ್ಟು ನಮ್ಮವ್ವನ ಕಾಲ್ದಲ್ಲಿ ಉಂಡಿದ್ದು."

ಕುಕು ಮೊಣಕಾಲೂರಿ ಚಪ್ಪಟೆ ಕಲ್ಲಿನ ಮೇಲೆ ಗುಂಡುಕಲ್ಲಿನಿಂದ ಅರೆದು ಹಿಟ್ಟು ಮಾಡಿದ್ದಳಂತೆ. ಅಕ್ಕ ಎಸರಿಟ್ಟು ತಿರುವಿ ಕಟ್ಟಿದ್ದಳು. ಸೊಪ್ಪು, ಕಾಳು ಬಸಿದು ಬಸ್ಸಾರು ಬೇರೆ. ಬಂದವರಿಗೆಲ್ಲ ಒಂದೊಂದು ಮುದ್ದೆ. ಇಬ್ಬರು ಮುದುಕಿಯರ ಮುಖದಲ್ಲೂ ಮದುವೆಮನೆಯ ಕಳೆ.

ನೆಕೆಸಾ ಕೂತು ಮುರಿದು ಬಾಯಿಗಿಟ್ಟಳು. ಅಗಿಯತೊಡಗಿದಳು.

"ಅಗೀಬ್ಯಾಡ ಅನ್ನಿ, ನುಂಗು ಅನ್ನಿ" ಎಂದಳು ಚಿಕ್ಕತಾಯಕ್ಕ. ಹೇಳಿದೆ. ನೆಕೆಸಾ ತಲೆಯಾಡಿಸಿದಳು, ಆದರೂ ನಿಧಾನವಾಗಿ ಅಗಿಯುತ್ತಲೇ ಇದ್ದಳು. ಇನ್ನೊಂದು ತುತ್ತು ಮುರಿದು ಮೂಸಿ ನೋಡಿದಳು. ಅವಳ ಮುಖ ಅರಳಿತು.

"ಇದು ನಮ್ಮ ಮನೆಯ ರಾಗಿ ಅಲ್ಲ. ನಮ್ಮದು ಇಷ್ಟು ರುಚಿ ಇಲ್ಲ" ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ, ಅತ್ತೆಯ ಕಡೆ ತಿರುಗಿ ಅವರ ಭಾಷೆಯಲ್ಲಿ ಏನೋ ಕೇಳಿದಳು. ಮತ್ತೆ ನನಗೆ ಹೇಳಿದಳು, "ಯಾರ ಮನೆಯಿಂದ ತಂದದ್ದು ಅಂತ ಕೇಳಿದೆ. ನನಗೂ ಇದರ ಬೀಜ ಒಂದು ಹಿಡಿ ಬೇಕು."

ಕುಕು ಬೊಚ್ಚುಬಾಯಿ ತುಂಬ ನಗುತ್ತ ಅಡುಗೆಮನೆಯ ಒಳಗೆ ಕೈ ತೋರಿಸಿದಳು. ಒಲೆಯ ಮೇಲೆ, ಹೊಗೆ ತಾಗುವ ಎತ್ತರದಲ್ಲಿ, ತೊಲೆಗೆ ಕಟ್ಟಿದ ನೆಲುವು. ನೆಲುವಿನಲ್ಲಿದ್ದ ಮಣ್ಣಿನ ಗಡಿಗೆ ಕೆಳಗಿಳಿದು ಗೋಡೆಗೆ ಒರಗಿಕೊಂಡು ಕೂತಿತ್ತು.

ನೆಕೆಸಾ ತಟ್ಟೆ ಕೆಳಗಿಟ್ಟಳು. ಎದ್ದು ಒಳಗೆ ಹೋದಳು. ಗಡಿಗೆಯೊಳಗೆ ನೋಡಿದಳು, ಬಗ್ಗಿಸಿ ಅಂಗೈಗೆ ಬಡಿದುಕೊಂಡಳು. ಏನೂ ಬೀಳಲಿಲ್ಲ. ಅದನ್ನು ಮತ್ತೆ ನೆಲುವಿನಲ್ಲಿಟ್ಟು ಬಂದು ತನ್ನ ಜಾಗದಲ್ಲಿ ಕೂತಳು. ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದಳು. ನನ್ನ ತಟ್ಟೆಯಲ್ಲೂ ಅದೇ ಇತ್ತು. ನಾನು ಒಂದು ತುತ್ತು ಆಗಲೇ ನುಂಗಿದ್ದೆ.

ಸೊಸೆ ಒಳ್ಳೆಯ ರಾಗಿಯನ್ನು ಬೇರೆ ಎತ್ತಿಟ್ಟದ್ದನ್ನು ಕುಕು ಗಮನಿಸಿದ್ದಳು. ದೂರದಿಂದ ನೆಂಟರು ಬರುತ್ತಾರೆಂದು ತಿಳಿದ ಮೇಲೆ, ಅದು ನೆಂಟರಿಗಾಗಿಯೇ ಇಟ್ಟದ್ದೆಂದು ತಿಳಿದಿದ್ದಳು. ನಮ್ಮ ಊರಿನ ಯಾವ ಅತ್ತೆಯಾದರೂ ಹಾಗೇ ತಿಳಿಯುತ್ತಿದ್ದಳು. ಒಳ್ಳೆಯದನ್ನು ಎತ್ತಿಡುವುದು ಇನ್ನೇತಕ್ಕೆ?

"ಯಾಕ್ ಟೀಚರಮ್ಮ, ಮುದ್ದೆ ಗಂಟಾಗಿತ್ತಾ?" ಎಂದಳು ಚಿಕ್ಕತಾಯಕ್ಕ, ನಮ್ಮಿಬ್ಬರ ಮುಖ ನೋಡಿ.

ಬಾಯಾಗಿ ಬಂದವಳಿಗೆ ಬಾಯಿ ಬರಲಿಲ್ಲ. ಸಂಜೆ, ಹೆಂಗಸರೆಲ್ಲ ಹೋದ ಮೇಲೆ, ಅಂಗಳದ ಮಾವಿನ ಮರದ ಕೆಳಗೆ ಕೂರಿಸಿಕೊಂಡು ಹೇಳಿದೆ. ಆಕೆ ಮೊದಲು ನಂಬಲಿಲ್ಲ.

"ಬೀಜದ್ದಾ? ಬೀಜದ ರಾಗಿ ಅಂದ್ರೆ ಬೂದಿ ಬೆರ್ಸಿರ್ತಾರೆ ಕಣ್ ಟೀಚರಮ್ಮ, ಬೇವಿನ್ ಸೊಪ್ಪು ಹಾಕಿರ್ತಾರೆ. ಕಣ್ ಕಾಣ್ದೋರ್ಗೂ ತಿಳೀತದೆ ಮುಟ್ಟಿದ್ರೆ. ಇದು ಚಿನ್ನ ಇದ್ದಂಗೆ ಇತ್ತು, ಒಸೀನೂ ಬೂದಿ ಇರ್ಲಿಲ್ಲ."

ಅಲ್ಲಿ ಬೂದಿ ಬೆರೆಸುವ ಪದ್ಧತಿಯಿಲ್ಲ. ಒಲೆಯ ಹೊಗೆಯೇ ಹುಳ ಬೀಳದಂತೆ ಕಾಯುತ್ತದೆ. ಇಷ್ಟು ಹೇಳಿದ ಮೇಲೆ ಆಕೆ ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತಳು. "ನಾನು ತಿನ್ದೆ ಇದ್ದಿದ್ರೆ ಸತ್ತೋಗ್ತಿದ್ನಾ" ಎಂದಳು. ಹತ್ತಾರು ಸಲ ಅದನ್ನೇ ಹೇಳಿದಳು.

ನೆಕೆಸಾ ಬಂದು ನಮ್ಮ ಪಕ್ಕ ಕೂತಳು. ಅಳಬೇಡ ಎಂದು ಚಿಕ್ಕತಾಯಕ್ಕನ ಬೆನ್ನು ಸವರಿದಳು. ಅತ್ತೆಗೆ ಗೊತ್ತಾಗಬಾರದು, ಅವಳು ಸಂತೋಷದಿಂದ ಕೊಟ್ಟಿದ್ದಾಳೆ ಎಂದಳು. ಆಮೇಲೆ ನನಗೆ ಮೆಲ್ಲಗೆ ಹೇಳಿದಳು, "ಪಕ್ಕದ ಮನೆಯವಳು ಆ ತೆನೆ ನೋಡಿ ಹೋದ ಬೆಳೆಯಲ್ಲಿ ಒಂದು ಹಿಡಿ ಕೇಳಿದ್ದಳು. ಇನ್ನೊಂದು ಮಳೆ ತಡಿ, ಇನ್ನೂ ಚೆನ್ನಾಗಿ ಮಾಡಿ ಕೊಡುತ್ತೇನೆ ಅಂದೆ. ಕೊಟ್ಟಿದ್ದರೆ ಇವತ್ತು ಅವಳ ಮನೆಯಲ್ಲಿ ಇರುತ್ತಿತ್ತು."

ಮರುದಿನ ಬೆಳಿಗ್ಗೆ

ನಾವು ಹೊರಡುವ ದಿನ. ಎದ್ದು ಬಂದು ನೋಡಿದರೆ ಅಡುಗೆಮನೆಯಲ್ಲಿ ಇಬ್ಬರು ಮುದುಕಿಯರೂ ಮೊಣಕಾಲ ಮೇಲಿದ್ದರು. ಚಿಕ್ಕತಾಯಕ್ಕ ಅರೆಯುವ ಕಲ್ಲಿನ ಸುತ್ತ ಪೊರಕೆ ಕಡ್ಡಿಯಿಂದ ನೆಲದ ಬಿರುಕು ಕೆದಕುತ್ತಿದ್ದಳು. ಕುಕು ಗುಡಿಸಿದ ಮಣ್ಣನ್ನು ಮೊರದಲ್ಲಿ ಹಾಕಿ ಕೇರುತ್ತಿದ್ದಳು. ಆಕೆಯ ಕಣ್ಣುಗಳು ಊದಿಕೊಂಡಿದ್ದವು.

"ಹೇಳ್ಬುಟ್ಯಾ ಅಕ್ಕ? ಹೇಗೆ ಹೇಳಿದೆ?" ಎಂದೆ.

ಚಿಕ್ಕತಾಯಕ್ಕ ತಲೆಯೆತ್ತದೆ, ಚಿಟಿಕೆ ಮಣ್ಣು ತೆಗೆದುಕೊಂಡು ಸಾಲಿಗೆ ಕಾಳು ಬಿಡುವಂತೆ ಬೆರಳ ಸಂದಿನಿಂದ ಬಿಟ್ಟು ತೋರಿಸಿದಳು. ಆಮೇಲೆ ಗಡಿಗೆಯ ಕಡೆಗೆ, ಆಮೇಲೆ ತನ್ನ ಬಾಯಿಯ ಕಡೆಗೆ ಕೈ ಮಾಡಿದಳು. "ಮುಚ್ಚಿಡಾಕ್ ಆಗ್ನಿಲ್ಲ. ಇಬ್ರೂ ಸೇರಿ ಹುಡ್ಕಿದ್ರೆ ಏನಾರ ಸಿಕ್ತದೆ ಅಂತ ಹೇಳ್ದೆ."

ಸಿಕ್ಕಿದ್ದು ಅರ್ಧ ಹಿಡಿ. ಅದರಲ್ಲಿ ಮರಳೂ ಇತ್ತು. ಆ ಕಲ್ಲಿನ ಮೇಲೆ ಎಷ್ಟೋ ವರ್ಷದಿಂದ ಮನೆಯ ರಾಗಿ ಅರೆದಿದ್ದಾರೆ, ಬಿರುಕಿನಲ್ಲಿ ಅದೂ ಉದುರಿರುತ್ತದೆ. ಕಾಳು ನೋಡಿ ಯಾವುದು ಯಾವುದೆಂದು ಹೇಳುವಂತಿಲ್ಲ, ತೆನೆಗೆ ಮುಖವಿದೆ, ಕಾಳಿಗೆ ಇಲ್ಲ. ನೆಕೆಸಾ ಅಂಗೈ ಚಾಚಿದಳು. ಕುಕು ಸೊಸೆಯ ಮುಖ ನೋಡದೆ ಅದರಲ್ಲಿ ಸುರಿದಳು. ನೆಕೆಸಾ ತಲೆಬಟ್ಟೆಯ ತುದಿಗೆ ಗಂಟು ಹಾಕಿಕೊಂಡು, ಮುದುಕಿಯರಿಬ್ಬರಿಗೂ ಚಾಯ್ ಕಾಸಿ ಕೊಟ್ಟಳು.

ವ್ಯಾನಿನಲ್ಲಿ ಕೂತ ಮೇಲೆ ನನ್ನ ಬೋರ್ಡಿನ ಬಾಣಗಳು ನೆನಪಾದವು. ಹೊಸದು ಹುಟ್ಟುವುದು ಅಂಥ ಅಪರೂಪವೇನಲ್ಲ. ಎಷ್ಟೋ ಬದುಗಳ ಮೇಲೆ, ಎಷ್ಟೋ ಒಲೆಗಳ ಮುಂದೆ ಹುಟ್ಟುತ್ತಲೇ ಇರುತ್ತದೆ, ಕಳೆಯೆಂದು ಕಿತ್ತವರ ಕೈಯಲ್ಲಿ, ಹಸಿದವರ ಬಾಯಲ್ಲಿ ಮುಗಿದುಹೋಗುತ್ತದೆ. ನಾವು ಉಣ್ಣುವ ರಾಗಿ ಯಾವುದೋ ಕಾಲದಲ್ಲಿ ಯಾರೋ ಒಬ್ಬಳು ಉಣ್ಣದೆ ಎತ್ತಿಟ್ಟದ್ದು, ಅವಳ ಮನೆಗೆ ಆ ವಾರ ನಮ್ಮಂಥ ನೆಂಟರು ಬರಲಿಲ್ಲ. ಚಿಕ್ಕತಾಯಕ್ಕ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆ ಬಂಡೆಗಳು ಬಂದವು, ಹೋದವು.

ಮತ್ತೆ ಕಬ್ಬಾಳು

ನೆಕೆಸಾ ಮತ್ತು ನಾನು ಫೋನಿನಲ್ಲಿ ಬರೆದುಕೊಳ್ಳುತ್ತೇವೆ. ಚಿಕ್ಕತಾಯಕ್ಕ ಜಗುಲಿಗೆ ಬಂದರೆ ಮೊದಲು ಕೇಳುವುದೇ ಅದು, "ಬುಂಗೋಮಾದಾಗೆ ಮಳೆ ಆಯ್ತಂತಾ?" ಆಯಿತು. ಆ ಅರ್ಧ ಹಿಡಿಯನ್ನು ನೆಕೆಸಾ ಹಳೆಯ ಮೂಲೆಯಲ್ಲೇ ಬಿತ್ತಿದಳು.

"ಆ ಮೂಲೇಲಿ ಕಳೆ ಕೀಳ್ಬ್ಯಾಡ ಅನ್ನಿ" ಎಂದಳು ಅಕ್ಕ. "ಹೋದ್ ಬೆಳೆದು ಉದ್ರಿದ್ ಕಾಳು ಏನಾರ ಇದ್ರೆ ಅದೂ ಹುಟ್ತದೆ. ಎಳೇದ್ರಲ್ಲಿ ಯಾವ್ದು ಕಾಡಿಂದು ಯಾವ್ದು ನಾಡಿಂದು ತಿಳಿಯಾಕಿಲ್ಲ."

ನೆಕೆಸಾ ಹಾಗೇ ಮಾಡಿದಳು. ಮೂಲೆಯಲ್ಲಿ ಹುಲ್ಲು ಸೊಂಟಮಟ್ಟ ಬೆಳೆಯಿತು, ಪಕ್ಕದ ಹೊಲದವರು ನಕ್ಕರು, ಆ ಹುಲ್ಲಿನ ಬೀಜ ತಮ್ಮ ಹೊಲಕ್ಕೂ ಹಾರುತ್ತದೆಂದು ಬೈದರು. ತೆನೆ ಬಂದ ಮೇಲೆ ಅವಳು ಒಂದೊಂದನ್ನೂ ನೋಡಿದಳು. ಕೆಲವು ಮನೆಯ ರಾಗಿ, ಕತ್ತು ಕಪ್ಪಾಗಿ ಒಣಗಿದವು. ಉಳಿದದ್ದೆಲ್ಲ ಕಾಡು ರಾಗಿ.

ಈ ಸುದ್ದಿಯನ್ನು ಚಿಕ್ಕತಾಯಕ್ಕನಿಗೆ ಹೇಳಿದಾಗ ಸಂಘದ ಮನೆಯಲ್ಲಿ ರಾಗಿ ಹುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಎರಡ್ನೇ ಬೆಳೆಗೂ ಕೀಳ್ಬ್ಯಾಡ ಅನ್ನಿ. ಕೆಲವು ಕಾಳು ತಡವಾಗಿ ಏಳ್ತವೆ" ಎಂದಳು. ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಬರೆದು ಕಳಿಸಿದೆ.

ಬಹಳ ದಿನ ಉತ್ತರ ಬರಲಿಲ್ಲ. ಆಮೇಲೆ ಒಂದು ಫೋಟೋ ಬಂತು. ಅದೇ ಮೂಲೆ, ಬದುವಿನ ಗುರುತು ನನಗೆ ಸಿಕ್ಕಿತು. ಮೊಣಕಾಲೆತ್ತರದ ಮೆಕ್ಕೆಜೋಳ, ಸಾಲಿಗೆ ಮಣ್ಣು ಏರಿಸಿದೆ, ಬದುವಿನ ತುದಿಯವರೆಗೂ ಒಂದು ಹುಲ್ಲುಕಡ್ಡಿಯಿಲ್ಲ. ಕೆಳಗೆ ಒಂದೇ ಸಾಲು ಬರೆದಿದ್ದಳು: ಮಕ್ಕಳಿಗೆ ಊಟ ಬೇಕಲ್ಲ.

ತೋರಿಸಲು ನನಗೆ ಮನಸ್ಸಿರಲಿಲ್ಲ. ಚಿಕ್ಕತಾಯಕ್ಕ ಕೇಳಿ ಇಸಕೊಂಡಳು. ಫೋನನ್ನು ಕಣ್ಣಿಗೆ ದೂರ ಹಿಡಿದು, ಸಾಲು ಸಾಲಾಗಿ ನೋಡಿದಳು.

"ಕಳೆ ಚೆನ್ನಾಗ್ ತೆಗ್ದವ್ಳೆ" ಎಂದು ವಾಪಸು ಕೊಟ್ಟಳು.